ಆಮೆನ್ ಹೇಳುವವನು

ಮಾರ್ಚ್ ೩, ಸೋಮವಾರ

ಕೆಳದವಡೆಯ ಕಟ್ಟುಹಲ್ಲಿನ ಸೆಟ್ ಮುಗಿಯಿತು. ನಿವೃತ್ತ ಮೇಷ್ಟರೊಬ್ಬರದು. ಮುಂದಿನ ಹಲ್ಲು ಸ್ವಲ್ಪ ಓರೆಯಾಗಿಯೇ ಇರಲಿ, ಮೊದಲು ಹಾಗೇ ಇತ್ತು ಅಂದಿದ್ದಾರಂತೆ. ಓರೆಯಾಗಿಯೇ ಕೂರಿಸಿದೆ. ಚೆನ್ನಾಗಿ ಕಾಣುತ್ತದೆ.

ಇಂದಿನಿಂದ ನಮ್ಮ ಚರ್ಚಿನ ಸಭೆಯಲ್ಲಿ ಉಪವಾಸ ಪ್ರಾರ್ಥನೆ. ಎರಡು ವಾರ. ಹಗಲೆಲ್ಲ ಬರೀ ನೀರು. ಸಂಜೆ ಹಾಲ್‌ನಲ್ಲಿ ಸೇರುವುದು, ದಿನಕ್ಕೊಬ್ಬರು ಎಲ್ಲರ ಪರವಾಗಿ ಗಟ್ಟಿಯಾಗಿ ಪ್ರಾರ್ಥಿಸುವುದು, ಆಮೇಲೆ ಸೂಪು, ಬ್ರೆಡ್ಡು. ಆತ್ಮಿಕ ಉಜ್ಜೀವನಕ್ಕಾಗಿ ಎಂದರು ಪಾಸ್ಟರ್. ಒಣಗಿದವರು ಚಿಗುರಬೇಕಂತೆ. ಒಣಗಿದವರು ಅನ್ನುವಾಗ ನನ್ನ ಕಡೆ ನೋಡಿದರೋ, ನನಗೇ ಹಾಗನಿಸಿತೋ...

ಹೊರಡುವಾಗ ಬಾಗಿಲಲ್ಲೇ ಹಿಡಿದುಕೊಂಡರು.

"ಬ್ರದರ್, ಮುಂದಿನ ವಾರ ಗುರುವಾರ ನೀವು ಪ್ರಾರ್ಥನೆ ಮಾಡ್ಬೇಕು."

"ನಾನಾ? ನಂಗೆ ಬರಲ್ಲ ಪಾಸ್ಟರ್."

"ಬರಲ್ಲ ಅಂದ್ರೆ? ಅಪ್ಪನ ಹತ್ರ ಮಾತಾಡೋಕೆ ಟ್ರೈನಿಂಗ್ ಬೇಕಾ?"

ಬೇಕು. ಅವರಿಗೆ ಹೇಗೆ ಹೇಳಲಿ? ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಪ್ರಾರ್ಥನೆ ಅವಳದು. ಊಟಕ್ಕೆ ಮುಂಚೆ, ಮಲಗುವ ಮುಂಚೆ, ನಲ್ಲಿ ಸೋರುವುದು ನಿಲ್ಲಲಿ ಅಂತ ಕೂಡ. ನನ್ನದು ಕೊನೆಯ ಒಂದೇ ಮಾತು — ಆಮೆನ್. ಅವಳು ತೀರಿಕೊಂಡು ವರ್ಷ ಕಳೆಯಿತು. ಆಮೇಲೆ ಈ ಮನೆಯಲ್ಲಿ ಪ್ರಾರ್ಥನೆಯೇ ಇಲ್ಲ. ಪ್ಲೇಟು ಎಳೆದುಕೊಳ್ಳುತ್ತೇನೆ, ತಿನ್ನುತ್ತೇನೆ, ತೊಳೆದಿಡುತ್ತೇನೆ.

ಗುರುವಾರದೊಳಗೆ ಕಲಿಯಬೇಕು. ಅದು ಆಗದಿದ್ದರೆ ಸಭೆಗೆ ಹೋಗುವುದನ್ನೇ ಬಿಡುವುದು. ತೀರ್ಮಾನಿಸಿಬಿಟ್ಟಿದ್ದೇನೆ. ಸುಮ್ಮನೆ ಬೆಂಚು ಸವೆಸಿ ಏನು ಪ್ರಯೋಜನ?

ಮಾರ್ಚ್ ೪, ಮಂಗಳವಾರ

ಉಪವಾಸವೆಂದು ಹೊರಗಿನವರಿಗೆ ಗೊತ್ತಾಗಬಾರದು, ಮುಖ ತೊಳೆದುಕೊಂಡು ಲಕ್ಷಣವಾಗಿ ಓಡಾಡಿ — ಪಾಸ್ಟರ್ ಅಪ್ಪಣೆ. ಗುಟ್ಟು ಕಾಪಾಡಲು ಸಿದ್ಧನಾಗಿಯೇ ಹಲ್ಲಿನ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋದೆ. ಯಾರಾದರೂ ಕೇಳಿದರೆ ಹೊಟ್ಟೆ ಸರಿಯಿಲ್ಲ ಅನ್ನುವುದೋ? ಸುಳ್ಳಾಗುತ್ತದಲ್ಲ? ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ.

ಯಾರೂ ಕೇಳಲಿಲ್ಲ.

ಡಾಕ್ಟರ್ ಮುಂದಿನ ರೂಮಿನಲ್ಲಿ ರೋಗಿಗಳ ಜೊತೆ. ನಾನು ಹಿಂದಿನ ಲ್ಯಾಬಿನಲ್ಲಿ ಮೇಣ, ಪ್ಲಾಸ್ಟರುಗಳ ಜೊತೆ. ಮಧ್ಯಾಹ್ನ ಕ್ಲಿನಿಕ್ಕಿನವರೆಲ್ಲ ಡಬ್ಬಿ ತೆರೆದರು. ನಾನು ಬಾಗಿಲು ಹಾಕಿಕೊಂಡು ಕುಳಿತೆ. ಬೇರೆಯವರು ಅಗಿಯಲಿ ಅಂತ ಹಲ್ಲು ಮಾಡುವವನು, ಸ್ವಂತ ಹಲ್ಲಿಗೆ ಮಾತ್ರ ರಜೆ! ಈ ಜೋಕು ಹೇಳಿಕೊಳ್ಳಲೂ ಜನವಿಲ್ಲ. ಇವತ್ತು ತಿಂದಿಲ್ಲ ಎಂದು ಯಾರಿಗೂ ಗೊತ್ತಿಲ್ಲ, ಸರಿ. ನಿನ್ನೆ ಮೊನ್ನೆ ತಿಂದಿದ್ದೆ ಎಂದಾದರೂ ಯಾರಿಗೆ ಗೊತ್ತಿತ್ತು? ತುಂಬ ಬೇಜಾರಾಯಿತು.

ಮಾರ್ಚ್ ೬, ಗುರುವಾರ

ಬೆಳಿಗ್ಗೆ ಮಂಡಿಯೂರಿದೆ. "ಕರ್ತನೇ" ಅಂದೆ. ಆಮೇಲೆ? ಬಾಯಿಗೆ ಬೀಗ. ಅವಳ ಪ್ರಾರ್ಥನೆಯನ್ನೇ ಹೇಳಿ ನೋಡಿದೆ. "ನಮ್ಮ ಮನೆಯವರ ಕೈಕೆಲಸವನ್ನು ಆಶೀರ್ವದಿಸು..." ಮನೆಯವರು ಅಂದರೆ ನಾನೇ ಅಲ್ಲವೇ! ನನ್ನನ್ನು ನಾನೇ ಮನೆಯವರು ಅನ್ನುವುದೇ? ನಗು ಬಂತು. ನಕ್ಕು ಮುಗಿದ ಮೇಲೆ ಮನೆ ಇನ್ನಷ್ಟು ನಿಶ್ಶಬ್ದ.

ಹೊಟ್ಟೆ ತಾಳ ಹಾಕುತ್ತಿದೆ. ಎಲ್ಲದಕ್ಕೂ ಸಿಡಿಮಿಡಿ. ಪ್ಲಾಸ್ಟರ್ ತೆಳ್ಳಗೆ ಕಲಸಿದೆ, ಅಚ್ಚು ಒಡೆಯಿತು. ಮತ್ತೆ ಕಲಸಿದೆ.

ಸಂಜೆ ನರ್ಸಮ್ಮನ ಸರದಿ. ಆಸ್ಪತ್ರೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಸಭೆಗೆಲ್ಲ ಇನ್ನೂ ನರ್ಸಮ್ಮನೇ. ಕಣ್ಣು ಮುಚ್ಚಿದ್ದೇ ತಡ, ಅರಳು ಹುರಿದಂತೆ ಪ್ರಾರ್ಥನೆ. ದೇಶ ಆಳುವವರಿಂದ ಹಿಡಿದು ಪಕ್ಕದ ಮನೆಯ ಬೆಕ್ಕಿನವರೆಗೆ ಯಾರನ್ನೂ ಬಿಡಲಿಲ್ಲ. ಸೂಪು ಆರಿಹೋಯಿತು. ನನಗೆ ಹೊಟ್ಟೆಕಿಚ್ಚು.

ಮಾರ್ಚ್ ೯, ಭಾನುವಾರ

ಮಧ್ಯಾಹ್ನ ನಾದಿನಿಯ ಫೋನ್. ಅವಳ ತಂಗಿ. ಭಾನುವಾರ ತಪ್ಪಿಸುವುದಿಲ್ಲ.

"ಊಟ ಆಯ್ತಾ ಭಾವ?"

"ಆಯ್ತಮ್ಮ."

"ಏನ್ ಮಾಡ್ಕೊಂಡ್ರಿ?"

ಸಿಕ್ಕಿಬಿದ್ದೆ. "ಅದೇ... ಸೂಪು."

"ಮಧ್ಯಾಹ್ನಕ್ಕೆ ಬರೀ ಸೂಪಾ? ಅಕ್ಕ ಇದ್ದಿದ್ರೆ ಬೈತಿದ್ಲು."

ಆಮೇಲೆ ಅವಳೇ, "ಸರಿ ಭಾವ, ಇಡ್ತೀನಿ" ಅಂದಳು.

ಉಪವಾಸದಲ್ಲಿದ್ದುಕೊಂಡು ಸುಳ್ಳು. ಊಟವಾಯಿತೇ ಎಂದು ಕೇಳುವ ಒಂದೇ ಒಂದು ಜೀವ, ಅವಳ ಹತ್ತಿರವೂ ನಿಜ ಹೇಳಲಿಲ್ಲ. ನಾಚಿಕೆಯಾಗುತ್ತಿದೆ.

ಮಾರ್ಚ್ ೧೨, ಬುಧವಾರ

ನಾಳೆ ನನ್ನ ಸರದಿ. ಲ್ಯಾಬಿನಲ್ಲಿ ಅಭ್ಯಾಸ. ಶೆಲ್ಫಿನ ತುಂಬ ಪ್ಲಾಸ್ಟರ್ ಅಚ್ಚುಗಳು, ಯಾರ್ಯಾರದೋ ದವಡೆಗಳು. ಸಭೆಯೇ ಎದುರಿಗೆ ಕೂತಿದೆ ಎಂದುಕೊಂಡು ಕಣ್ಣು ಮುಚ್ಚಿದೆ. "ಪರಲೋಕದ ತಂದೆಯೇ, ನಿನ್ನ ಮಕ್ಕಳು ಹಸಿದು ನಿನ್ನ ಮುಂದೆ..."

ಡಾಕ್ಟರ್ ಬಾಗಿಲು ತೆರೆದರು.

"ಅಂಕಲ್, ಯಾರ್ ಜೊತೆ ಮಾತಾಡ್ತಿದ್ದೀರ?"

"ಯಾರಿಲ್ಲ ಡಾಕ್ಟರ್. ಹೀಗೇ..."

ಅಚ್ಚುಗಳನ್ನು ನೋಡಿದರು, ನನ್ನನ್ನು ನೋಡಿದರು. "ಸ್ವಲ್ಪ ರೆಸ್ಟ್ ತಗೊಳ್ಳಿ ಅಂಕಲ್" ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡು ಹೋದರು. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು. ಅಂದುಕೊಳ್ಳಲಿ. ಪ್ರಾರ್ಥನೆ ಪೂರ್ತಿ ಬಾಯಿಪಾಠವಾಗಿದೆ.

ಮಾರ್ಚ್ ೧೩, ಗುರುವಾರ

ಆಯಿತು. ಬರೆಯಲು ಮನಸ್ಸಿಲ್ಲ.

ಮಾರ್ಚ್ ೧೫, ಶನಿವಾರ

ನಿನ್ನೆ ಹಾಲ್‌ಗೆ ಹೋಗಲಿಲ್ಲ. ಇವತ್ತೂ ಇಲ್ಲ. ಕತ್ತಲಾದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಬಿಸ್ಕೆಟ್ ತಿಂದೆ.

ಬರೆದುಬಿಡುತ್ತೇನೆ. ಗುರುವಾರ ಸಂಜೆ ಪಾಸ್ಟರ್ ನನ್ನ ಕಡೆ ತಲೆಯಾಡಿಸಿದರು. ಎದ್ದು ನಿಂತೆ. ಎಲ್ಲರೂ ತಲೆ ಬಾಗಿಸಿದರು. ಹಾಲ್ ನಿಶ್ಶಬ್ದ. ಆ ನಿಶ್ಶಬ್ದ ನನಗೆ ಚೆನ್ನಾಗಿ ಗೊತ್ತಿರುವಂಥದು. ಅವಳು ಪ್ರಾರ್ಥನೆ ಮುಗಿಸಿದಾಗ ಹೀಗೇ ಒಂದು ಕ್ಷಣ ಇರುತ್ತಿತ್ತು, ನನಗಾಗಿ. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ನಾಲಿಗೆ ತನ್ನಷ್ಟಕ್ಕೆ ತಾನೇ ಅಂದಿತು —

"ಆಮೆನ್."

ಹಸಿದ ಜನ. "ಆಮೆನ್!" ಎಂದು ಒಕ್ಕೊರಲಿನಿಂದ ಹೇಳಿ ಎದ್ದೇಬಿಟ್ಟರು. ಬೆಂಚುಗಳ ಸದ್ದು, ಚಮಚಗಳ ಸದ್ದು. ಪಾಸ್ಟರ್ ಏನೋ ಹೇಳಹೊರಟು ಬಾಯಿ ಮುಚ್ಚಿಕೊಂಡರು. ನರ್ಸಮ್ಮ ಹತ್ತಿರ ಬಂದು, "ಇವತ್ತು ಒಂದಿನ ಸೂಪು ಬಿಸಿಯಾಗಿ ಸಿಕ್ತು ನೋಡಪ್ಪ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಬಟ್ಟಲು ಮುಟ್ಟದೆ ಹೊರಟುಬಂದೆ.

ಇನ್ನು ಸಭೆ ಸಾಕು.

ಮಾರ್ಚ್ ೧೬, ಭಾನುವಾರ

ಬೆಳಿಗ್ಗೆ ಆರಾಧನೆಗೆ ಹೋಗಲಿಲ್ಲ. ಹಾಸಿಗೆಯಲ್ಲೇ ಬಿದ್ದಿದ್ದೆ. ನಾದಿನಿಯ ಫೋನ್ ಬಂತು.

"ಊಟ ಆಯ್ತಾ ಭಾವ?"

"ಇಲ್ಲಮ್ಮ."

ಅಷ್ಟು ನಿಜ ಹೊರಬಿದ್ದದ್ದೇ ತಡ, ಉಳಿದದ್ದೆಲ್ಲ ಹಿಂದೆಯೇ ಬಂತು. ಉಪವಾಸ, ಗುರುವಾರ, ಸೂಪು. ಅವಳು ಮೊದಲು ನಕ್ಕಳು. ನಗು ಥೇಟು ಅಕ್ಕನದೇ. ಆಮೇಲೆ ನಗು ನಿಲ್ಲಿಸಿ ಹೇಳಿದಳು.

"ಅಕ್ಕಂಗೂ ಬರ್ತಿರ್ಲಿಲ್ಲ ಭಾವ. ಅಪ್ಪ ಪ್ರಾರ್ಥನೆ ಮಾಡು ಅಂದ್ರೆ ಬಾತ್‌ರೂಮಿಗೆ ಓಡಿಹೋಗ್ತಿದ್ಲು."

"ಅವಳಾ?"

"ಹೂಂ, ಅವಳೇ. ಮದುವೆ ಆದ್ಮೇಲೆ ಒಂದ್ಸಲ ನಾನೇ ಕೇಳ್ದೆ, ಏನೇ ಇದು, ಪಾಸ್ಟರ್ ಥರ ಶುರುಮಾಡ್ಕೊಂಡಿದ್ದೀಯ ಅಂತ. ಏನಂದ್ಲು ಗೊತ್ತಾ? ತಪ್ಪೋ ಸರಿನೋ, ನಾನೇನ್ ಹೇಳಿದ್ರೂ ಅವರು ಆಮೆನ್ ಅಂತಾರೆ ಕಣೇ, ಅದಕ್ಕೇ ಧೈರ್ಯ ಅಂದ್ಲು."

ಫೋನ್ ಇಟ್ಟ ಮೇಲೆ ಅಳು ಬಂತು. ತಡೆಯಲಿಲ್ಲ. ಅವಳು ಹೋದ ದಿನವೂ ಇಷ್ಟು ಅತ್ತಿರಲಿಲ್ಲ.

ಸಂಜೆ ಹಾಲ್‌ಗೆ ಹೋದೆ. ಉಪವಾಸದ ಕೊನೆಯ ದಿನ. ಹಿಂದಿನ ಬೆಂಚಿನಲ್ಲಿ ಕುಳಿತೆ. ಹೊಸದಾಗಿ ಸಭೆಗೆ ಸೇರಿದ ಹೆಂಗಸೊಬ್ಬಳ ಸರದಿ. ತಡವರಿಸುತ್ತಿದ್ದಳು. ಎರಡು ಮಾತಿಗೇ ನಿಂತುಹೋದಳು. ಆ ನಿಂತಲ್ಲಿ ಗಟ್ಟಿಯಾಗಿ "ಆಮೆನ್" ಅಂದೆ. ಈ ಸಲ ಬೇಕೆಂದೇ. ನಾಲ್ಕು ತಲೆಗಳು ತಿರುಗಿದವು. ಅವಳು ಉಸಿರೆಳೆದುಕೊಂಡು ಮುಂದುವರಿಸಿದಳು.

ಸೂಪು ಕುಡಿದೇ ಬಂದೆ.

ಮಾರ್ಚ್ ೧೭, ಸೋಮವಾರ, ಬೆಳಿಗ್ಗೆ

ಇವತ್ತು ಉಪವಾಸವಿಲ್ಲ. ಬ್ರೆಡ್ ಬಿಸಿ ಮಾಡಿದೆ, ಟೀ ಮಾಡಿದೆ. ಪ್ಲೇಟು ಎಳೆದುಕೊಂಡು ಹಾಗೇ ಕುಳಿತೆ. ಕಣ್ಣು ಮುಚ್ಚಲು ಧೈರ್ಯವಾಗಲಿಲ್ಲ. ತೆರೆದುಕೊಂಡೇ ಶುರುಮಾಡಿದೆ.

"ಕರ್ತನೇ, ಬ್ರೆಡ್ಡಿಗೆ ಸ್ತೋತ್ರ. ಟೀಗೆ ಸ್ತೋತ್ರ. ಅವಳಿಲ್ದೆ ನಂಗೆ ಆಗ್ತಿಲ್ಲ. ನಿನ್ ಮೇಲೆ ಸಿಟ್ಟಿದೆ. ಬೇಕಾದಷ್ಟಿದೆ. ಆದ್ರೂ ಇಲ್ಲೇ ಕೂತಿದ್ದೀನಿ."

ಅಷ್ಟೇ. ಮಾತು ಮುಗಿಯಿತು. ಎದುರಿನ ಕುರ್ಚಿಯ ಕಡೆ ನೋಡುತ್ತ ಕಾದೆ. ಏನಕ್ಕೆ ಕಾಯುತ್ತಿದ್ದೇನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಪ್ರಾರ್ಥನೆ ಮಾಡುವವನು ನಾನಾದರೆ, ಆಮೆನ್ ಅನ್ನಬೇಕಾದವರು...

ನಾನೇ ಅನ್ನಬಹುದಿತ್ತು. ಅನ್ನಲಿಲ್ಲ. ಅಂದುಬಿಟ್ಟರೆ ಪ್ರಾರ್ಥನೆ ಮುಗಿದುಹೋಗುತ್ತದೆ. ಟೀ ಆರುತ್ತಿದೆ, ಕೆಲಸಕ್ಕೆ ಹೊತ್ತಾಯಿತು, ಆದರೂ ಇನ್ನೂ ಒಂದು ಮಾತಿದೆ ಕರ್ತನಿಗೆ ಹೇಳುವುದು, ಅವಳ ಬಗ್ಗೆ —