ಮೀನಿನ ಮೆಟ್ಟಿಲು ಮತ್ತು ಎಡಗಡೆಯ ಮೆಷಿನ್ನು

ವಿದ್ಯುತ್ ಮನೆಯ ಹಿಂದಿನ ಕೋಣೆ
ಹದಿನಾಲ್ಕನೇ ತಾರೀಕು, ಸಂಜೆ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಸಿಮೆಂಟಿನ ಚೀಲ ನೀನೇ ಹೊರಬೇಡ ಎಂದರೆ ಭಾವನನ್ನೇ ಗದರಿಸುತ್ತೀಯಂತೆ. ಪಾಪ, ಫೋನಿನಲ್ಲಿ ನನ್ನ ಹತ್ತಿರ ಗೋಳು ತೋಡಿಕೊಂಡರು. ಪುಟ್ಟಿಗೆ ಮುಂದಿನ ಹಲ್ಲು ಬಂತೇ? ನಾನು ಚೆನ್ನಾಗಿದ್ದೇನೆ, ನನ್ನ ಅಡುಗೆ ಮಾತ್ರ ಅಷ್ಟಕ್ಕಷ್ಟೆ. ನೀನು ನನ್ನ ಫೋನ್ ಎತ್ತುತ್ತಿಲ್ಲ. ಭಾವನ ಕೈಲಿ ಹೇಳಿಸಿದರೆ ಅರ್ಧ ಮಾತು ದಾರಿಯಲ್ಲೇ ಉದುರಿಹೋಗುತ್ತದೆ. ಅದಕ್ಕೇ ಈ ಪತ್ರ.

ನಿನ್ನ ಕೋಪ ನನಗೆ ಅರ್ಥವಾಗುತ್ತದೆ. ಹೋದ ವರ್ಷ ಬೇಸಿಗೆಯಿಡೀ ಬಿಸಿಲಲ್ಲಿ ಬೆಂದು, ನಮ್ಮ ಒಡ್ಡಿನ ಎಡದಂಡೆಯಲ್ಲಿ ಒಂದರ ಮೇಲೊಂದು ತೊಟ್ಟಿ ಕಟ್ಟಿ ಮೀನುಗಳಿಗೆ ಮೆಟ್ಟಿಲು ಮಾಡಿಕೊಟ್ಟೆ. ಮೊಟ್ಟೆ ಇಡಲು ಮೇಲಕ್ಕೆ ಹೋಗುವ ಮೀನು ಗೋಡೆಗೆ ತಲೆ ಚಚ್ಚಿಕೊಳ್ಳಬಾರದು ಎಂದು. ಆದರೆ ಆ ವರ್ಷ ಒಂದು ಮೀನೂ ಅತ್ತ ತಲೆ ಹಾಕಲಿಲ್ಲ. ವಿದ್ಯುತ್ ಮನೆಯ ಯಜಮಾನರು "ನೀರು ದಂಡ, ಮುಚ್ಚಿಬಿಡೋಣ, ಆ ನೀರೂ ಕರೆಂಟಿನ ಮೆಷಿನ್ನಿಗೇ ಹೋಗ್ಲಿ" ಅಂದರು. "ಮುಚ್ಕೊಳ್ಳಲಿ, ನನಗೇನು" ಎಂದು ನೀನು ಹೊರಟುಬಿಟ್ಟೆ. ಮುಚ್ಚುವುದು ನಾಳೆ. ಆಮೇಲೆ ಮೀನಿಗೆ ಬೇರೆ ದಾರಿಯಿಲ್ಲ. ನೀನೂ ಜನ್ಮದಲ್ಲಿ ಇನ್ನೊಂದು ಮೆಟ್ಟಿಲು ಕಟ್ಟುವವಳಲ್ಲ.

ಈಗ ಕೇಳು. ಹೋದ ವಾರ ಬಲಗಡೆಯ ಮೆಷಿನ್ನಿನ ಬೇರಿಂಗ್ ಕಿರುಗುಟ್ಟತೊಡಗಿತು. ಅದನ್ನು ಬಿಚ್ಚಿ ರಿಪೇರಿಗೆ ಕಳುಹಿಸಿ, ಅದರ ಬದಲು ಎಡಗಡೆಯದನ್ನು ಓಡಿಸಿದೆ. ಮರುದಿನ ಹಲ್ಲುಜ್ಜುತ್ತಾ ದಂಡೆಯ ಮೇಲೆ ನಿಂತಿದ್ದೆ, ನಿನ್ನ ಕೆಳಗಿನ ತೊಟ್ಟಿಯಲ್ಲಿ ಏನೋ ಬೆಳ್ಳಗೆ ಹೊರಳಿತು. ಬ್ರಷ್ಷು ಬಾಯಲ್ಲೇ ಕಚ್ಚಿಕೊಂಡು ಇಳಿದು ನೋಡಿದರೆ ತೊಟ್ಟಿಯ ತುಂಬ ಮೀನು. ಒಂದು ಹಾರಿ ಮೇಲಿನ ತೊಟ್ಟಿಗೆ ಬಿತ್ತು, ಅದರ ಹಿಂದೆ ಇನ್ನೊಂದು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ಬೇರಿಂಗ್ ವಾಪಸು ಬಂತು. ಎಂದಿನಂತೆ ಎಡದ್ದನ್ನು ನಿಲ್ಲಿಸಿ ಬಲದ್ದನ್ನು ಶುರುಮಾಡಿದೆ. ತೊಟ್ಟಿಗೆ ಹೊಸ ಮೀನು ಬರುವುದು ನಿಂತೇಹೋಯಿತು. ಹುಡುಕಿದರೆ ಎಲ್ಲವೂ ಬಲದಂಡೆಯಲ್ಲಿ, ಮೆಷಿನ್ನಿನಿಂದ ನೀರು ಹೊರಬೀಳುವ ಕಡೆ ಗೋಡೆಗೆ ಮೂತಿ ಒತ್ತಿಕೊಂಡು ನಿಂತಿವೆ. ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಬಡಗಿಯ ಹತ್ತಿರ ಹೋಗಿ ಒಂದು ಚೀಲ ಮರದ ಹೊಟ್ಟು ಕೇಳಿದೆ. "ಮೀನಿಗೆ ಹಾಸಿಗೆ ಹಾಸ್ತೀಯೇನಪ್ಪಾ?" ಎಂದು ನಕ್ಕ. ಹೊಟ್ಟನ್ನು ನೀರಿಗೆ ಚೆಲ್ಲಿ ಅದು ಎತ್ತ ಹೋಗುತ್ತದೆಂದು ನೋಡುತ್ತಾ ಕುಳಿತೆ. ಬಲದ ಮೆಷಿನ್ ಓಡುವಾಗ ದೊಡ್ಡ ಸೆಳೆತವೆಲ್ಲ ಆಚೆ ದಂಡೆಯಲ್ಲಿ. ನಿನ್ನ ಮೆಟ್ಟಿಲಿನಿಂದ ಇಳಿಯುವ ನೀರು ಅಷ್ಟು ದೂರ ಲೆಕ್ಕಕ್ಕೇ ಇಲ್ಲ. ಎಡದ್ದು ಓಡಿದರೆ ಸೆಳೆತ ನಿನ್ನ ಮೆಟ್ಟಿಲಿನ ಬಾಯಿಯ ಪಕ್ಕದಲ್ಲೇ ಹರಿಯುತ್ತದೆ. ನೀರು ಜೋರಾಗಿ ಬರುವ ಕಡೆಗೆ ಮೀನು ಮುಖ ಮಾಡಿ ಹೊರಡುತ್ತದೆ, ಅಷ್ಟೇ. ಎಡ, ಬಲ, ಮತ್ತೆ ಎಡ ಎಂದು ಬದಲಿಸಿ ಬದಲಿಸಿ ನೋಡಿದೆ. ಪ್ರತಿ ಸಲವೂ ಹಾಗೇ ಆಯಿತು.

ಇಷ್ಟು ದಿನ ಬಲದ್ದನ್ನೇ ಯಾಕೆ ಓಡಿಸುತ್ತಿದ್ದೆವು ಎಂದು ಕೇಳಿದರೆ ನಗುತ್ತೀಯ. ಅದರ ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇದೆ. ನನಗಿಂತ ಮುಂಚೆ ಇದ್ದವರೂ ಅದನ್ನೇ ಒತ್ತುತ್ತಿದ್ದರು. ಎರಡೂ ಓಡುವಷ್ಟು ನೀರು ಈ ಹೊಳೆಯಲ್ಲಿ ಇರುವುದೇ ಅಪರೂಪ. ನಿನ್ನ ಮೆಟ್ಟಿಲಿನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ ಅಕ್ಕಾ.

ಒಂದು ಮಾತ್ರ ನನಗೆ ಬಗೆಹರಿದಿಲ್ಲ. ಮೂರನೇ ತೊಟ್ಟಿಗೆ ಬಂದ ಮೇಲೆ ಎಲ್ಲವೂ ಸುಸ್ತಾದವರ ಹಾಗೆ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತವೆ. ಅಲ್ಲೇ ಯಾಕೆ? ಅಲ್ಲಿ ನೀನು ಏನು ಮಾಡಿಟ್ಟಿದ್ದೀಯ? ಇವತ್ತು ಮಧ್ಯಾಹ್ನ ಹೊಟ್ಟೆ ಉಬ್ಬಿದ ಒಂದು ಹೆಣ್ಣು ಮೀನು ಅಲ್ಲಿ ದಣಿವಾರಿಸಿಕೊಂಡು, ಕೊನೆಯ ತೊಟ್ಟಿಯನ್ನೂ ದಾಟಿ ಒಡ್ಡಿನ ಆಚೆ ಹೋಯಿತು. ನಾನೊಬ್ಬನೇ ಹುಚ್ಚನ ಹಾಗೆ ಚಪ್ಪಾಳೆ ತಟ್ಟಿದೆ. ನೀನು ಇಲ್ಲವಲ್ಲ ಎಂದು ಅಳುವೂ ಬಂತು.

ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಗೆ ಮಾವನ ಮುದ್ದು.

ನಿನ್ನ ಬೈಗುಳವಿಲ್ಲದೆ ಸೊರಗಿರುವ
ತಮ್ಮ

ತಾ.ಕ.: ಈ ವಿಷಯ ಯಜಮಾನರಿಗೆ ಫೋನ್ ಮಾಡಿ ಹೇಳಿದೆ. "ಮೀನಿನ ಕಥೆ ಬೇಡ, ಹಲಗೆ ರೆಡಿ ಇಟ್ಟಿರು" ಎಂದು ಫೋನ್ ಇಟ್ಟುಬಿಟ್ಟರು. ಮೆಟ್ಟಿಲು ಮುಚ್ಚಲು ಅವರು ತರಿಸಿದ್ದ ಹಲಗೆಯನ್ನು ಈಗಷ್ಟೇ ಕೊಯ್ದು ಬೆಂಚು ಮಾಡಿ ದಂಡೆಯ ಮೇಲೆ ಹಾಕಿ ಬಂದೆ. ನಾಳೆ ಅವರನ್ನು ಅದರ ಮೇಲೇ ಕೂರಿಸುತ್ತೇನೆ. ಅವರ ಕಣ್ಣೆದುರಿಗೆ ಮೀನು ಹತ್ತದಿದ್ದರೆ ನನ್ನ ಕೆಲಸ ಹೋಯಿತೆಂದೇ ಲೆಕ್ಕ. ಹಾಸಿಗೆ ಸುತ್ತಿಕೊಂಡು ಈ ಪತ್ರಕ್ಕಿಂತ ಮುಂಚೆ ನಾನೇ ನಿನ್ನ ಮನೆ ಸೇರುತ್ತೇನೆ. ಇದನ್ನು ಓದುವಾಗ ನಾನು ನಿನ್ನ ಜಗಲಿಯಲ್ಲಿ ಕಾಣದಿದ್ದರೆ, ಮೀನು ಹತ್ತಿವೆ ಎಂದು ತಿಳಿ.