ಪ್ರೇರಣಾ ಮತ್ತೆ ಚೆಂಡು ಹಿಡಿದಳು

ಕಿಲ್ಕೆನ್ನಿ
ಐರ್ಲೆಂಡ್
ಫೆಬ್ರವರಿ 9, ಸೋಮವಾರ

ಪ್ರೀತಿಯ ಕಿಶೋರ್,

ಪ್ರೇರಣಾ ಶುಕ್ರವಾರವೇ ಮೆಸೇಜ್ ಹಾಕಿದ್ದಾಳೆ, ಸುದ್ದಿ ನಿನಗೆ ಗೊತ್ತು. ಆ ದಿನ ಹೇಗಿತ್ತು ಅಂತ ನೀನು ಫೋನಿನಲ್ಲಿ ಕೇಳಿದಾಗ ಆಮೇಲೆ ಹೇಳುತ್ತೇನೆ ಅಂತ ಫೋನಿಟ್ಟೆ. ಬರೆದರೆ ಬರುತ್ತದೇನೋ ನೋಡುತ್ತೇನೆ.

ಮೊದಲ ವರ್ಷವೆಲ್ಲ ಬೆಂಚಿನಲ್ಲಿ ಕೂತು, ಎರಡನೇ ವರ್ಷ ಆ ಒಹಾಯೊ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಮೊದಲ ಐವರಲ್ಲಿ ಜಾಗ ಗಿಟ್ಟಿಸಿಕೊಂಡವಳು ನಮ್ಮ ಮಗಳು. ಇಲ್ಲಿಂದ ಹೊರಡುವಾಗ ಮಾಡಿಸಿದ ಹೃದಯದ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಆದರೆ ಅಕ್ಟೋಬರ್‌ನ ತಪಾಸಣೆಯಲ್ಲಿ ಹೃದಯದ ಗೋಡೆ ದಪ್ಪವಾಗಿದೆ ಅಂತ ಕಂಡು, ತಂಡದ ಡಾಕ್ಟರು ಆಟ ನಿಲ್ಲಿಸಿ ಮನೆಗೆ ಕಳಿಸಿದರು. ಕಾಯಿಲೆ ಇರಬಹುದು, ವಿಪರೀತ ಅಭ್ಯಾಸದಿಂದಲೂ ಹಾಗಾಗಿರಬಹುದು. ಮೂರು ತಿಂಗಳು ಓಡದೆ ಇದ್ದು ಗೋಡೆ ತೆಳುವಾದರೆ ಕಾಯಿಲೆಯಲ್ಲ ಅಂದರು. ಆಗ ನಮ್ಮಿಬ್ಬರಿಗೂ ನೆನಪಾದವನು ಸುಹಾಸ್. ಮಂಡ್ಯದ ಕೋರ್ಟಿನಲ್ಲಿ ಆಡುತ್ತಾ ಆಡುತ್ತಾ ಕುಸಿದು ತೀರಿಹೋದ ನಿನ್ನ ತಮ್ಮ.

ಅವಳನ್ನು ಅಮೆರಿಕಕ್ಕೆ ಕಳಿಸುವುದು ಬೇಡ ಅಂತ ನೀನು ಹಟ ಹಿಡಿದದ್ದು, ನಾನು ಕಳಿಸಿದ್ದು, ನೀನು ಬೇರೆ ಕೆಲಸ ಹುಡುಕಿಕೊಂಡು ಈ ದೇಶದ ಇನ್ನೊಂದು ತುದಿಯ ಲೆಟರ್‌ಕೆನ್ನಿಗೆ ಹೋದದ್ದು, ಯಾವುದನ್ನೂ ಈಗ ಕೆದಕುವುದಿಲ್ಲ. ಇಷ್ಟು ದಿನದಲ್ಲಿ ಒಮ್ಮೆಯೂ ನೀನು 'ನಾನು ಹೇಳಲಿಲ್ವಾ' ಅನ್ನಲಿಲ್ಲ. ಅದು ನನ್ನ ಗಮನಕ್ಕೆ ಬಂತು.

ಮನೆಯಲ್ಲಿ ಅವಳು ಮೆಟ್ಟಿಲನ್ನೂ ನಿಧಾನವಾಗಿ ಹತ್ತುತ್ತಿದ್ದಳು. ಶನಿವಾರಗಳಲ್ಲಿ ಇಲ್ಲಿನ ಕ್ಲಬ್ಬಿಗೆ ಹೋಗಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಚಿಕ್ಕ ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದಳು. ಚೆಂಡು ಉರುಳಿ ಹತ್ತಿರ ಬಂದರೆ ಕೈಯಿಂದ ಮುಟ್ಟುತ್ತಿರಲಿಲ್ಲ, ಕಾಲಿನಿಂದ ತಳ್ಳುತ್ತಿದ್ದಳು. ನೋಡಲಾಗದೆ ನಾನು ಹೊರಗೆ ಕಾರಿನಲ್ಲೇ ಕೂತಿರುತ್ತಿದ್ದೆ.

ಶುಕ್ರವಾರ ಇಬ್ಬರೂ ಡಬ್ಲಿನ್ನಿನ ಆಸ್ಪತ್ರೆಗೆ ಹೋದೆವು. ಹೃದಯ ತಜ್ಞೆ ಹಳೆಯ ಸ್ಕ್ಯಾನನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಗೋಡೆ ತೆಳುವಾಗಿದೆ, ಜೀನ್ ಪರೀಕ್ಷೆಯಲ್ಲೂ ಏನೂ ಇಲ್ಲ, ಇದು ಆಟಗಾರ್ತಿಯ ಹೃದಯ, ರೋಗಿಯದ್ದಲ್ಲ, 'ಶೀ ಈಸ್ ಗ್ರ್ಯಾಂಡ್', ಏನೂ ತೊಂದರೆಯಿಲ್ಲ ಅಂದರು. ಇಂಥ ಮಾತನ್ನು ನರ್ಸ್ ಆಗಿ ನಾನೇ ಎಷ್ಟೋ ರೋಗಿಗಳ ಮನೆಯವರಿಗೆ ಹೇಳಿದ್ದೇನೆ. ಕೇಳಿಸಿಕೊಳ್ಳುವುದು ಹೇಗೆ ಅಂತ ಗೊತ್ತಿರಲಿಲ್ಲ. ಇನ್ನೊಂದು ಸಲ ಹೇಳಿ ಅಂದೆ. ಪಾಪ, ಹೇಳಿದರು. ಪ್ರೇರಣಾ ನನ್ನ ಬೆನ್ನು ಸವರುತ್ತಾ, ಅಮ್ಮಾ, ಉಸಿರಾಡು ಅಂತ ತನ್ನ ಕಿಲ್ಕೆನ್ನಿ ಇಂಗ್ಲಿಷಿನಲ್ಲಿ ಹೇಳಿದಳು.

ಸ್ವಲ್ಪ ಸ್ವಲ್ಪವಾಗಿ ಶುರುಮಾಡಬಹುದಂತೆ. ಮೊನ್ನೆ ಶನಿವಾರ ಕ್ಲಬ್ಬಿನಲ್ಲಿ ಚೆಂಡು ಹಿಡಿದಳು. ಮೊದಲ ಎಸೆತಗಳು ರಿಂಗಿಗೂ ತಾಗಲಿಲ್ಲ. ಹುಡುಗಿಯರು ನಕ್ಕರು, ಅವಳೂ ನಕ್ಕಳು. ನಾನು ಈ ಸಲ ಒಳಗೇ ಇದ್ದೆ. ಅವಳು ಓಡಿದಾಗಲೆಲ್ಲ ನನ್ನ ನಾಡಿ ನಾನೇ ಹಿಡಿದು ನೋಡಿಕೊಳ್ಳುತ್ತಿದ್ದೆ. ಬೆರಳು ಯಾವಾಗ ತೆಗೆದೆನೋ ಗೊತ್ತಿಲ್ಲ.

ಕಾಲೇಜಿನ ಕೋಚ್ ಅವಳ ಜಾಗವನ್ನೂ ಸ್ಕಾಲರ್‌ಶಿಪ್ಪನ್ನೂ ಹಾಗೇ ಉಳಿಸಿದ್ದಾರೆ. ಆಗಸ್ಟ್‌ನಲ್ಲಿ ಹೊರಡುತ್ತಾಳೆ. ಇಷ್ಟು ದೊಡ್ಡ ಭಾರ ಇಳಿದ ಮೇಲೂ ಒಂದು ಸಣ್ಣ ಬೇಜಾರು ಉಳಿದಿದೆ. ಮನೆಯಲ್ಲಿ ಮತ್ತೆ ನಾನೊಬ್ಬಳೇ. ಅವಳಿಗೆ ಹೇಳಿಲ್ಲ.

ಕ್ಲಬ್ಬಿನಿಂದ ಬರುವಾಗ ಕಾರಿನಲ್ಲಿ, ಅಪ್ಪ ನನ್ನ ಆಟ ಒಂದು ಸಲವೂ ನೋಡಿಲ್ಲ ಅಂದಳು. ದೂರಲಿಲ್ಲ, ಸುಮ್ಮನೆ ಹೇಳಿದಳು. ಚಿಕ್ಕಪ್ಪ ಹೋದ ಮೇಲೆ ಅಪ್ಪ ಯಾವ ಕೋರ್ಟಿಗೂ ಕಾಲಿಟ್ಟಿಲ್ಲ ಅಂದೆ. ಗೊತ್ತಮ್ಮ, ಅದಕ್ಕೇ ಯಾವತ್ತೂ ಕರೆದಿಲ್ಲ ಅಂದಳು.

ಇವತ್ತಾದರೂ ನಿದ್ದೆ ಮಾಡು. ಇಷ್ಟು ದಿನ ನೀನೂ ಮಲಗಿಲ್ಲ ಅಂತ ನಿನ್ನ ದನಿಯಲ್ಲೇ ತಿಳಿಯುತ್ತಿತ್ತು.

ನಿನ್ನ
ವಿನೋದಿನಿ

ತಾ.ಕ.: ನವೆಂಬರ್‌ನಲ್ಲಿ ಅವಳ ಆಟ ನೋಡಲು ಒಹಾಯೊಗೆ ಎರಡು ಟಿಕೆಟ್ ತೆಗೆದಿದ್ದೇನೆ. ಕಿಟಕಿ ಸೀಟು ನಿನಗೆ, ಪಕ್ಕದ್ದು ನನಗೆ. ಆಗುವುದಿಲ್ಲ ಅಂದರೆ ಹೇಳು. ಕ್ಯಾನ್ಸಲ್ ಮಾತ್ರ ಮಾಡುವುದಿಲ್ಲ.