ಅಪ್ಪನಿಗೆ ಬಂದಿರುವುದು ಬೇರೆ

ಎಸ್ಕಿಲ್,

ಅಪ್ಪನಿಗೆ ಜ್ವರ ಏರಿದೆ, ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ದೋಣಿ ಕಟ್ಟಿ ಮನೆಗೆ ಬಂದು ಈ ಚೀಟಿ ಓದಿದ ಕೂಡಲೇ ಆಸ್ಪತ್ರೆಗೆ ಬಾ. ಒಲೆಯ ಮೇಲೆ ಮೀನಿನ ಸಾರಿದೆ, ತಿಂದೇ ಹೊರಡು.

ಪಕ್ಕದ ಮನೆಯ ಟೋರ್ಲೈಫ್ ರಕ್ತದ ಕ್ಯಾನ್ಸರ್ ಇಟ್ಟುಕೊಂಡೇ ವರ್ಷಗಟ್ಟಲೆ ಬಲೆ ಎಳೆಯುತ್ತಿದ್ದಾನೆ ಎಂದು ಅಪ್ಪನಿಗೆ ಧೈರ್ಯ ಹೇಳಿದೆಯಲ್ಲ, ಅವನದು ನಿಧಾನದ್ದು, ಮಾತ್ರೆಗೆ ಬಗ್ಗುತ್ತದೆ. ಅಪ್ಪನದು ಕೆಲವೇ ವಾರಗಳಲ್ಲಿ ಮೂಳೆಯ ಮಜ್ಜೆಯನ್ನೆಲ್ಲ ಕೆಡಿಸುವಂಥದ್ದು. ಹೆಸರು ಒಂದೇ, ಕಾಯಿಲೆ ಬೇರೆ. ಹೋದ ತಿಂಗಳು ಡಾಕ್ಟರ್ ಕೂಡಲೇ ಸೇರಿಸಿ ಎಂದಾಗ, "ಟೋರ್ಲೈಫ್‌ಗಿಲ್ಲದ ಅವಸರ ನಂಗ್ಯಾಕೆ? ಮೀನಿನ ಕಾಲ ಮುಗೀಲಿ" ಅಂದುಬಿಟ್ಟರು ಅಪ್ಪ.

ಇನ್ನು ಮದ್ದು ಕೆಲಸ ಮಾಡುವುದೇ ಅನುಮಾನವಂತೆ. ನಿಮ್ಮದು ಬೇರೆ ಕಾಯಿಲೆ ಎಂದು ನಾನು ಹೇಳಿದರೆ, "ಎಸ್ಕಿಲ್ ಹಾಗನ್ಲಿಲ್ವಲ್ಲ" ಅನ್ನುತ್ತಾರೆ.

ಅವರ ಕನ್ನಡಕ ತಾ. ನಿಜವನ್ನು ನೀನೇ ಹೇಳು. ನಿನ್ನ ಬಾಯಿಂದ ಬಂದರೆ ನಂಬುತ್ತಾರೆ.

ನಿನ್ನ ಅಕ್ಕ ರಾಗ್ನಿ